ಕಳಿಸೋದಾ, ಬೇಡ್ವಾ?

ಕೋವಿಡ್ ಕಾಲದ ಶಾಲೆಯ ಒಪ್ಪಿಗೆ ಪತ್ರ ಅರ್ಧ ಪುಟದ ಕಾಗದ. ಶಾಲೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದದ್ದನ್ನು ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಸಹಿ ಮಾಡಿ ಮಗುವಿನ ಬ್ಯಾಗಿಗೆ ಸೇರಿಸಬೇಕಿತ್ತು. ಒಕ್ಕಣೆ ಶಾಲೆಯಿಂದ ಶಾಲೆಗೆ ತುಸು ಬೇರೆಯಿದ್ದರೂ ಸಾರ ಒಂದೇ. ಮಗುವಿಗೆ ಜ್ವರ, ಕೆಮ್ಮು, ನೆಗಡಿ ಇಲ್ಲ. ಮನೆಯಲ್ಲಿ ಯಾರಿಗೂ ಸೋಂಕಿಲ್ಲ. ನಾವು ಸ್ವಇಚ್ಛೆಯಿಂದ ಶಾಲೆಗೆ ಕಳಿಸುತ್ತಿದ್ದೇವೆ. ಕೆಲವು ಖಾಸಗಿ ಶಾಲೆಗಳು ಕೊನೆಗೆ ಇನ್ನೊಂದು ಸಾಲು ಅಂಟಿಸಿದ್ದವು: ಮುಂದೆ ಏನಾದರೂ ಆದರೆ ಆಡಳಿತ ಮಂಡಳಿ ಹೊಣೆಯಲ್ಲ. ಅದರ ಕೆಳಗೆ ಅಪ್ಪನದೋ ಅಮ್ಮನದೋ ಸಹಿ, ಮೊಬೈಲ್ ನಂಬರು.

ಈ ಕಾಗದದ ಮೂಲ 2020ರ ಸೆಪ್ಟೆಂಬರ್ 30ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿ. ಅಕ್ಟೋಬರ್ 15ರ ನಂತರ ಶಾಲೆ ತೆರೆಯುವುದು ಬಿಡುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು, ಹಾಜರಾತಿಗೆ ಒತ್ತಾಯ ಮಾಡಕೂಡದು, ಪೋಷಕರ ಲಿಖಿತ ಒಪ್ಪಿಗೆ ಇರಲೇಬೇಕು ಎಂದು ಅದು ಹೇಳಿತು. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ತರಗತಿಗಳು 2021ರ ಜನವರಿ 1ರಂದು ಶುರುವಾದಾಗ ಪತ್ರ ಮೊದಲ ಸಲ ಗೇಟಿನ ಬಳಿ ಕಾಣಿಸಿತು. ಮಗುವಿನ ಬಗ್ಗೆ ಕೊನೆಯ ಮಾತು ಹೆತ್ತವರದಾಗಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಬೀಸುವ ದೊಣ್ಣೆ ತಪ್ಪಿಸಿಕೊಳ್ಳುವ ಜಾಣ್ಮೆಯೂ ಅದರಲ್ಲಿ ಇಲ್ಲದಿರಲಿಲ್ಲ. ತಜ್ಞರೇ ಒಮ್ಮತಕ್ಕೆ ಬಾರದ, ಸರ್ಕಾರ ತಿಂಗಳುಗಟ್ಟಲೆ ಮುಂದೂಡಿದ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಅಡುಗೆಮನೆಗೆ ವರ್ಗವಾಯಿತು.

ಆ ಉತ್ತರ ಹೇಗೆ ಹುಟ್ಟಿತು ಎಂದು ನೋಡುವುದಕ್ಕೆ ಉತ್ತರ ಬೆಂಗಳೂರಿನ ವಿದ್ಯಾರಣ್ಯಪುರ ತಕ್ಕ ಜಾಗ. ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳ ಸಂಬಳದ ಮೇಲೆ ಬೆಳೆದ ಸೀಮೆ ಇದು. ಕೆಳಗೆ ಪಿಂಚಣಿಯ ಅಜ್ಜ ಅಜ್ಜಿ, ಮೇಲಿನ ಮಹಡಿಯಲ್ಲಿ ಮಾನ್ಯತಾ ಟೆಕ್ ಪಾರ್ಕಿಗೆ ಹೋಗುವ ಮಗ ಸೊಸೆ, ನಡುವಿನ ಮೆಟ್ಟಿಲ ಮೇಲೆ ಇಡೀ ದಿನ ಹತ್ತಿಳಿಯುವ ಮೊಮ್ಮಗು: ಬಿಇಎಲ್ ಲೇಔಟಿನ ಎಷ್ಟೋ ಮನೆಗಳ ಸಂಸಾರ ಹೀಗೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಗಂಡ ಹೆಂಡತಿ ಮಗು ಅಷ್ಟೇ. ತಿಂಡ್ಲು, ಸಿಂಗಾಪುರ, ಎಂ.ಎಸ್. ಪಾಳ್ಯದ ಕಡೆ ಒಂದೇ ಕೋಣೆಯ ವಠಾರಗಳು. ಎದ್ದು ನಿಲ್ಲುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಬಂದವರು. ಒಂದೇ ಬಡಾವಣೆ, ಒಂದೇ ವೈರಸ್, ಒಂದೇ ಸುತ್ತೋಲೆ. ಲೆಕ್ಕಾಚಾರ ಮಾತ್ರ ಮನೆಯಿಂದ ಮನೆಗೆ ಬೇರೆ.

ಅಜ್ಜ ಅಜ್ಜಿ ಇರುವ ಮನೆಯಲ್ಲಿ ಮಗುವಿಗೆ ಏನಾಗುತ್ತದೆ ಎನ್ನುವುದಕ್ಕಿಂತ ಮಗು ಮನೆಗೆ ಏನು ತರುತ್ತದೆ ಎಂಬ ಭಯವೇ ದೊಡ್ಡದು. ಅರವತ್ತು ದಾಟಿದವರಿಗೆ ಲಸಿಕೆ ಶುರುವಾದದ್ದೇ 2021ರ ಮಾರ್ಚ್ 1ರಂದು. ಅಲ್ಲಿಯವರೆಗೆ ಸಕ್ಕರೆ ಕಾಯಿಲೆ, ಬಿಪಿ ಇರುವ ತಾತನನ್ನೂ ಮೊಮ್ಮಗಳನ್ನೂ ಒಂದೇ ಸೂರಿನಡಿ ಇಟ್ಟುಕೊಂಡ ಸೊಸೆಗೆ ಅತ್ತ ದರಿ ಇತ್ತ ಪುಲಿ. ಕಳಿಸಿದರೆ ಮಾವನಿಗೆ ಏನಾದರೂ ಆದೀತು. ಆಗಿಬಿಟ್ಟರೆ ಆ ಮಾತು ಜೀವಮಾನವಿಡೀ ಅವಳ ಮೇಲೆಯೇ. ಕಳಿಸದಿದ್ದರೆ ಮಗಳ ಪಾಠ ಹೋಯಿತು. ಮುಂದೆ ಆ ವರ್ಷದ ಏಪ್ರಿಲ್‌ನಲ್ಲಿ ಯಲಹಂಕದ ಬಳಿಯ ಮೇಡಿ ಅಗ್ರಹಾರ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದ್ದನ್ನು ಕಂಡ ಈ ಭಾಗದ ಜನಕ್ಕೆ ಆ ಭಯ ಬರೀ ಪತ್ರಿಕೆಯ ಸುದ್ದಿಯಾಗಿ ಉಳಿಯಲಿಲ್ಲ. ಮೇ 5ರಂದು ರಾಜ್ಯದ ಒಂದು ದಿನದ ಪ್ರಕರಣ 50 ಸಾವಿರ ದಾಟಿತ್ತು.

ಗಂಡ ಹೆಂಡತಿ ಇಬ್ಬರೂ ವರ್ಕ್ ಫ್ರಮ್ ಹೋಮ್ ಇದ್ದ ಮನೆಗೆ ಕಾಯುವ ಅನುಕೂಲವಿತ್ತು. ಮಗುವಿಗೊಂದು ಟ್ಯಾಬ್, ಬ್ರಾಡ್‌ಬ್ಯಾಂಡ್, ತಪ್ಪಿದ ಪಾಠ ಹೇಳಿಕೊಡಲು ಓದಿದ ಅಮ್ಮ. ಅಲ್ಲಿಯೂ ಜಗಳ, ಕಣ್ಣೀರು, ಮ್ಯೂಟ್ ಮಾಡಿ ಬೈಯುವುದು ಎಲ್ಲ ಇದ್ದವು. ಆದರೂ ಕಾಯುವುದರ ಬೆಲೆ ತಕ್ಷಣ ಕಣ್ಣಿಗೆ ಬೀಳುತ್ತಿರಲಿಲ್ಲ.

ಆ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವವರ ಮಾತು ಬೇರೆ. ಇಂಥ ಸಂಭಾಷಣೆ ಆ ದಿನಗಳಲ್ಲಿ ಎಷ್ಟು ಅಡುಗೆಮನೆಗಳಲ್ಲಿ ನಡೆದಿರಬಹುದೋ:

‘ಅಕ್ಕಾ, ಮಗೂನ ಸ್ಕೂಲಿಗೆ ಕಳಿಸ್ತೀರಾ?’

‘ಇನ್ನೂ ನೋಡ್ತಾ ಇದೀವಿ ಕಣಮ್ಮಾ. ನೀನು?’

‘ನೋಡೋಕೇನೈತಕ್ಕಾ. ತೆಗೆದ್ರೆ ಸಾಕು, ಬಿಟ್ಟು ಬರ್ತೀನಿ. ಹುಡುಗೀನ ಒಬ್ಳನ್ನೇ ಮನೇಲಿ ಬಿಟ್ಟು ಬರೋದು ಇನ್ನೂ ಭಯ.’

ಇದೇ ವ್ಯತ್ಯಾಸ. ‘ಮನೆಯಲ್ಲಿದ್ದರೆ ಕ್ಷೇಮ’ ಎಂಬ ಮಾತು ಮನೆಯಲ್ಲಿ ಹಗಲು ಯಾರಾದರೂ ಇದ್ದರೆ ಮಾತ್ರ ನಿಜ. ಅಮ್ಮ ನಾಲ್ಕು ಮನೆ ಕೆಲಸಕ್ಕೆ, ಅಪ್ಪ ಆಟೊ ಹತ್ತಿ ಹೊರಟ ಮೇಲೆ ವಠಾರದ ಕೋಣೆಯಲ್ಲಿ ಉಳಿಯುವ ಹನ್ನೆರಡರ ಹುಡುಗಿಗೆ ಶಾಲೆಯೇ ಕಾವಲು, ಶಾಲೆಯೇ ಮಧ್ಯಾಹ್ನದ ಊಟ. ಬಿಸಿಯೂಟದ ಬದಲು ಸರ್ಕಾರ ಅಕ್ಕಿ, ಬೇಳೆ ಹಂಚಿತೇನೋ ಸರಿ. ಅದನ್ನು ಬೇಯಿಸಿ ಬಡಿಸುವವರು ಬೇಕಲ್ಲ. ಮನೆಗೆ ಇರುವುದೊಂದೇ ಸ್ಮಾರ್ಟ್‌ಫೋನು, ಅದು ಅಪ್ಪನ ಜೇಬಿನಲ್ಲಿ. ರಾತ್ರಿ ಅವನು ಮನೆಗೆ ಬಂದ ಮೇಲೆಯೇ ಆನ್‌ಲೈನ್ ತರಗತಿ.

ಈ ಎರಡು ಲೋಕಗಳ ಮಾತು 2020ರ ಬೇಸಿಗೆಯಲ್ಲೇ ಕವಲೊಡೆದಿತ್ತು. ಆ ಜೂನ್ ಹೊತ್ತಿಗೆ ‘ಲಸಿಕೆ ಇಲ್ಲದೆ ಶಾಲೆ ಇಲ್ಲ’ ಎಂಬ ಆನ್‌ಲೈನ್ ಮನವಿಗೆ ದೇಶದಾದ್ಯಂತ ಲಕ್ಷಗಟ್ಟಲೆ ಪೋಷಕರು ಸಹಿ ಹಾಕಿದರು. ಅದೇ ತಿಂಗಳು ನಮ್ಮ ಶಿಕ್ಷಣ ಇಲಾಖೆ ಜುಲೈನಲ್ಲಿ ತರಗತಿ ತೆರೆಯುವ ಒಂದು ವೇಳಾಪಟ್ಟಿ ಹಿಡಿದು, ಜೂನ್ 10ರಿಂದ 12ರವರೆಗೆ ಪೋಷಕರ ಸಭೆ ಕರೆದು ಅಭಿಪ್ರಾಯ ಕೇಳಿ ಎಂದು ಶಾಲೆಗಳಿಗೆ ಹೇಳಿತು. ಆಗ ಎಸ್. ಸುರೇಶ್ ಕುಮಾರ್ ಶಿಕ್ಷಣ ಸಚಿವರು. ಹೆಚ್ಚಿನವರು ಬೇಡ ಅಂದರು, ತೆರೆಯಲಿಲ್ಲ.

ಇನ್ನೊಂದು ಸಮೀಕ್ಷೆ ಬೇರೆಯೇ ಹೇಳಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ ಸುತ್ತ 2020ರಲ್ಲಿ ವಿಚಾರಿಸಿದಾಗ, ಆರೋಗ್ಯದ ಮುನ್ನೆಚ್ಚರಿಕೆ ಇರುವುದಾದರೆ ಮಕ್ಕಳನ್ನು ಶಾಲೆಗೆ ಕಳಿಸಲು ಸಿದ್ಧ ಎಂದವರು ಹೆಚ್ಚುಕಡಿಮೆ ಶೇ 90. ಶೇ 60ಕ್ಕೂ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ತಲುಪುತ್ತಲೇ ಇರಲಿಲ್ಲ. ‘ಪೋಷಕರು ಏನನ್ನುತ್ತಾರೆ’ ಎಂದು ಟಿವಿ ಚರ್ಚೆಗಳು ಕೇಳಿದ್ದು ಬಹುಪಾಲು ಮೊದಲ ಗುಂಪನ್ನು. ಮನವಿಗೆ ಸಹಿ ಹಾಕುವುದಕ್ಕೂ ಡೇಟಾ ಬೇಕು ನೋಡಿ.

ಆನ್‌ಲೈನ್ ತರಗತಿಯ ಕತೆ ಇನ್ನೂ ಗೊಂದಲ. ಎಳೆಯ ಮಕ್ಕಳ ಕಣ್ಣು, ಮನಸ್ಸು ಕೆಡುತ್ತದೆಂದು ಸರ್ಕಾರ 2020ರ ಜೂನ್‌ನಲ್ಲಿ ಎಲ್‌ಕೆಜಿಯಿಂದ ಐದನೆಯ ತರಗತಿಯವರೆಗೆ, ಮರುದಿನವೇ ಏಳನೆಯವರೆಗೆ, ಆನ್‌ಲೈನ್ ಪಾಠ ನಿಷೇಧಿಸಿತು. ಪ್ರೊ. ಎಂ.ಕೆ. ಶ್ರೀಧರ್ ನೇತೃತ್ವದಲ್ಲಿ ತಜ್ಞರ ಸಮಿತಿ ಕೂತಿತು. ಜುಲೈ 8ರಂದು ಹೈಕೋರ್ಟ್, ಇದು ಮಕ್ಕಳ ಶಿಕ್ಷಣದ ಮೂಲಭೂತ ಹಕ್ಕಿಗೆ ಅಡ್ಡಿ ಎಂದು ನಿಷೇಧಕ್ಕೆ ತಡೆ ಕೊಟ್ಟಿತು. ಶಾಲೆಗೂ ಕಳಿಸುವಂತಿಲ್ಲ, ಪರದೆಯ ಮುಂದೆಯೂ ಕೂರಿಸುವಂತಿಲ್ಲ ಎಂಬ ಆ ವಾರಗಳನ್ನು ಪುಟ್ಟ ಮಕ್ಕಳ ತಾಯಂದಿರು ಮರೆತಿರಲಾರರು.

ನನ್ನ ತಕರಾರು ಇರುವುದು ತೆರೆದ ಕ್ರಮದ ಬಗ್ಗೆ. ಮೊದಲು ಹತ್ತು ಮತ್ತು ಹನ್ನೆರಡು. ಫೆಬ್ರವರಿ 2021ಕ್ಕೆ ಒಂಬತ್ತು, ಹನ್ನೊಂದು. ಅದೇ ತಿಂಗಳ 22ಕ್ಕೆ ಆರರಿಂದ ಎಂಟು. ಬೆಂಗಳೂರಿನಲ್ಲಿ ಎಂಟು ಮಾತ್ರ. ಎರಡನೆಯ ಅಲೆ ಎಲ್ಲವನ್ನೂ ಮುಚ್ಚಿಸಿದ ಮೇಲೆ ಮತ್ತೆ ಅದೇ ಸರದಿ: ಆಗಸ್ಟ್ 23ಕ್ಕೆ ಒಂಬತ್ತರಿಂದ ಮೇಲೆ, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಅಕ್ಟೋಬರ್ 25ಕ್ಕೆ ಒಂದರಿಂದ ಐದು, ನವೆಂಬರ್ 8ಕ್ಕೆ ಎಲ್‌ಕೆಜಿ, ಯುಕೆಜಿ. ಬೆಂಗಳೂರಿನ ಎಲ್‌ಕೆಜಿ, ಯುಕೆಜಿಗಳೇ ಎಲ್ಲಕ್ಕಿಂತ ಮೊದಲು, 2020ರ ಮಾರ್ಚ್ ಎರಡನೆಯ ವಾರ ಶುರುವಾಗುವ ಹೊತ್ತಿಗೆ ಬಾಗಿಲು ಹಾಕಿದ್ದವು ಎಂಬುದನ್ನು ನೆನೆದರೆ, ಮೊದಲು ಮನೆಗೆ ಹೋದವರು ಕೊನೆಗೆ ಬಂದರು. ಈ ಸರದಿಯನ್ನು ನಿರ್ಧರಿಸಿದ್ದು ಬೋರ್ಡ್ ಪರೀಕ್ಷೆ. ಮಗುವಿನ ವಯಸ್ಸಾಗಲಿ ವೈರಸ್ಸಿನ ಗುಣವಾಗಲಿ ಅಲ್ಲ.

ವಿಜ್ಞಾನ ಬೊಟ್ಟು ಮಾಡಿದ್ದು ತಿರುಗುಮುರುಗು ದಿಕ್ಕಿಗೆ. 2020ರ ಏಪ್ರಿಲ್ 15ರಂದು ಡೆನ್ಮಾರ್ಕ್ ಶಾಲೆ ತೆರೆದಾಗ ಮೊದಲು ಕರೆದದ್ದು ಪುಟಾಣಿಗಳನ್ನು ಮತ್ತು ಐದನೆಯ ತರಗತಿಯವರೆಗಿನವರನ್ನು. ಅವರಿಗೆ ರೋಗ ತೀವ್ರವಾಗುವುದು ಅಪರೂಪ. ಒಂಟಿಯಾಗಿ ಕೂತು ಕಲಿಯಲು ಆಗದವರೂ ಅವರೇ. ಅವರನ್ನು ನೋಡಿಕೊಳ್ಳಲು ದೊಡ್ಡವರೊಬ್ಬರು ಮನೆಯಲ್ಲೇ ಉಳಿಯಬೇಕು. 2021ರ ಜುಲೈನಲ್ಲಿ ಐಸಿಎಂಆರ್‌ನ ಆಗಿನ ಮುಖ್ಯಸ್ಥ ಡಾ. ಬಲರಾಂ ಭಾರ್ಗವ ಕೂಡ, ತೆರೆಯುವುದಾದರೆ ಪ್ರಾಥಮಿಕ ಶಾಲೆ ಮೊದಲು ತೆರೆಯುವುದು ವಿವೇಕ ಎಂದರು. ವೈರಸ್ ಅಂಟಿಕೊಳ್ಳುವ ಎಸಿಇ ಗ್ರಾಹಿಗಳು ಮಕ್ಕಳಲ್ಲಿ ಕಡಿಮೆ ಎಂಬುದು ಅವರು ಕೊಟ್ಟ ಕಾರಣ. ಅದೇ ಸಂಸ್ಥೆಯ ನಾಲ್ಕನೆಯ ಸೆರೊ ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2, 10ರಿಂದ 17ರವರಲ್ಲಿ ಶೇ 61.6ರಷ್ಟು ಮಂದಿಯಲ್ಲಿ ಪ್ರತಿಕಾಯ ಕಂಡಿತ್ತು. ಶಾಲೆಗೆ ಹೋಗದೆಯೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು ಎಂದು ಇದರರ್ಥ. ಹೆಚ್ಚಿನವರ ಮನೆಯಲ್ಲಿ ಅದು ಗೊತ್ತೂ ಆಗಿರಲಿಲ್ಲ. ಮೂರನೆಯ ಅಲೆಗೆ ಸಿದ್ಧತೆ ಸೂಚಿಸಲು ರಾಜ್ಯ ಸರ್ಕಾರವೇ ನೇಮಿಸಿದ್ದ ಡಾ. ದೇವಿಶೆಟ್ಟಿ ನೇತೃತ್ವದ ಸಮಿತಿಯೂ ಅಷ್ಟು ಹೊತ್ತಿಗೆ ಶಾಲೆ ತೆರೆಯುವ ಪರವಾಗಿಯೇ ವರದಿ ಕೊಟ್ಟಿತ್ತು.

ಹಾಗಂತ ಹೆದರಿದವರು ದಡ್ಡರಲ್ಲ. ಸೋಂಕು ಇಳಿದ ಕೆಲವು ವಾರಗಳ ನಂತರ ಕೆಲವು ಮಕ್ಕಳಲ್ಲಿ ಹಲವು ಅಂಗಗಳು ಊದಿಕೊಳ್ಳುವ ಮಿಸ್-ಸಿ ಎಂಬ ತೊಂದರೆ ಕಾಣಿಸುತ್ತಿತ್ತು. ಅಪರೂಪ, ಆದರೆ ನಿಜ. ಮೂರನೆಯ ಅಲೆ ಮಕ್ಕಳನ್ನೇ ಹುಡುಕಿಕೊಂಡು ಬರುತ್ತದೆಂದು ಟಿವಿಗಳು ತಿಂಗಳುಗಟ್ಟಲೆ ಹೇಳಿದ್ದವು. ಅಂಥ ಹೊತ್ತಿನಲ್ಲಿ, ಆಗಸ್ಟ್ 23ಕ್ಕೆ ಶಾಲೆ ತೆರೆಯುವ ಹನ್ನೆರಡು ದಿನ ಮೊದಲು, ಬೆಂಗಳೂರಿನಲ್ಲಿ ಐದೇ ದಿನಕ್ಕೆ 242 ಮಕ್ಕಳಿಗೆ ಕೋವಿಡ್ ಎಂಬ ಸುದ್ದಿ ಬಂತು. ಎದೆ ಧಸಕ್ಕೆನ್ನದೆ ಇರುತ್ತದೆಯೇ? ಆ ಅಂಕಿಯನ್ನು ಬಿಡಿಸಿ ನೋಡೋಣ. 242 ಎಂದರೆ 19 ವರ್ಷದವರೆಗಿನ ಎಲ್ಲರೂ. ಒಂಬತ್ತು ವರ್ಷದೊಳಗಿನವರು 106. ದಿನಕ್ಕೆ ಸರಾಸರಿ ಐವತ್ತಕ್ಕೂ ಕಡಿಮೆ. ಆಗ ನಗರದಲ್ಲಿ ದಿನಕ್ಕೆ ಮುನ್ನೂರು ನಾನ್ನೂರು ಹೊಸ ಪ್ರಕರಣ ಬರುತ್ತಿದ್ದವು. ಜನಸಂಖ್ಯೆಯಲ್ಲಿ ಈ ವಯಸ್ಸಿನವರ ಪಾಲು ಎಷ್ಟೋ, ಸೋಂಕಿನಲ್ಲಿ ಅವರ ಪಾಲು ಅದಕ್ಕಿಂತ ಎಷ್ಟೋ ಕಡಿಮೆ. ಆಸ್ಪತ್ರೆ ಸೇರಿದವರೆಷ್ಟು ಎಂಬುದು ಕೇಳಬೇಕಾಗಿದ್ದ ಪ್ರಶ್ನೆ. ಶೀರ್ಷಿಕೆ ನಿಂತಿದ್ದು 242ರ ಮೇಲೆ, ಗ್ರೂಪಿನಿಂದ ಗ್ರೂಪಿಗೆ ಹಾರಿದ್ದೂ ಅದೇ.

ಕೇಳಬೇಕಿದ್ದ ಇನ್ನೊಂದು ಪ್ರಶ್ನೆ ಕಿಟಕಿಯದು. ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಲ್ ಗನ್, ಕೈಗೆ ಸ್ಯಾನಿಟೈಸರ್, ಬೆಂಚಿಗೆ ದ್ರಾವಣ ಸಿಂಪಡಣೆ, ಎಲ್ಲದರ ಫೋಟೊ ಶಾಲೆಯ ಫೇಸ್‌ಬುಕ್ ಪುಟದಲ್ಲಿ ಬಂತು. ಉಸಿರಿನಿಂದ ಗಾಳಿಯಲ್ಲಿ ತೇಲುವ ರೋಗಕ್ಕೆ ತರಗತಿಯ ಕಿಟಕಿ ಎಷ್ಟು, ಅವು ತೆರೆಯುತ್ತವೆಯೇ, ಎದುರುಬದುರು ಇವೆಯೇ ಎಂದು ಪೋಷಕರ ಸಭೆಯಲ್ಲಿ ಕೇಳಿದವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯೇ ಗಾಳಿಯ ಮೂಲಕ ಹರಡುವ ಮಾತನ್ನು ತನ್ನ ಜಾಲತಾಣದಲ್ಲಿ ಬಿಡಿಸಿ ಬರೆಯಲು 2021ರ ಏಪ್ರಿಲ್ ಕೊನೆಯವರೆಗೆ ತೆಗೆದುಕೊಂಡಿತು, ಬಿಡಿ. ಆದರೆ ನಮ್ಮ ನಗರದಲ್ಲಿ, ಅದೂ ಬಳ್ಳಾರಿ ರಸ್ತೆಯಲ್ಲಿ, 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ವಿದ್ಯಾರಣ್ಯಪುರದ ಸೆರಗಿನಲ್ಲಿರುವ ಎನ್‌ಟಿಐ ಲೇಔಟಿಗೆ ಅದರದೇ ಹೆಸರು. ಗಾಳಿಯಿಂದ ಹರಡುವ ಕಾಯಿಲೆಯ ಅಧ್ಯಯನಕ್ಕೆಂದೇ ಇರುವ ಸಂಸ್ಥೆಯ ಹೆಸರು ಹೊತ್ತ ಬಡಾವಣೆಯವರೂ ನಮ್ಮ ನಿಮ್ಮಂತೆ ಹಾಲಿನ ಪ್ಯಾಕೆಟ್ಟು, ತರಕಾರಿ ತೊಳೆಯುತ್ತಲೇ 2020ನ್ನು ಕಳೆದರು. ಒಂದು ಲೆಕ್ಕಕ್ಕೆ ಸಾಲುಕಿಟಕಿ, ಜಗಲಿ, ಬಯಲು ಇರುವ ಹಳೆಯ ಸರ್ಕಾರಿ ಶಾಲೆಯ ಕಟ್ಟಡ, ಮೂವತ್ತು ನಲವತ್ತರ ನಿವೇಶನದಲ್ಲಿ ಮೂರು ಮಹಡಿ ಎಬ್ಬಿಸಿದ ‘ಇಂಟರ್‌ನ್ಯಾಷನಲ್’ ಶಾಲೆಗಿಂತ ಸುರಕ್ಷಿತ. ಫೀ ಕಟ್ಟುವಾಗ ಯಾರೂ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬಯಲಿನಲ್ಲಿ ಪಾಠ ಮಾಡುವ ಪ್ರಯೋಗವನ್ನು ನಾವು ಮಾಡಿಯೂ ಇದ್ದೆವು. ಅದು ವಿದ್ಯಾಗಮ. 2020ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಮ್ಮುಗಳೇ ಮಕ್ಕಳಿದ್ದಲ್ಲಿಗೆ ಹೋದರು. ದೇವಸ್ಥಾನದ ಪ್ರಾಂಗಣ, ಅರಳಿಕಟ್ಟೆ, ಸಮುದಾಯ ಭವನದ ಜಗಲಿ, ಎಲ್ಲಿ ನೆರಳಿತ್ತೋ ಅಲ್ಲಿ ಹಲಗೆ. ಹಳ್ಳಿಗಳಲ್ಲಿ ಇದು ಹೇಗೋ ಒಗ್ಗಿತು. ಬೆಂಗಳೂರಿನಂಥ ಊರಿನಲ್ಲಿ ಜಗಲಿ ಎಲ್ಲಿದೆ? ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗಲಿದ, ಶಿಕ್ಷಕರು ತೀರಿಕೊಂಡ ಸುದ್ದಿಗಳು ಸಾಲಾಗಿ ಬಂದಾಗ ಅಕ್ಟೋಬರ್ ಎರಡನೆಯ ವಾರ ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿ ದಸರಾ ರಜೆ ಘೋಷಿಸಿತು. ಆ ಸಾವುಗಳನ್ನು ಹಗುರಾಗಿ ಕಾಣುವಂತಿಲ್ಲ. ಮಕ್ಕಳಿಗಿಂತ ಹೆಚ್ಚು ಅಪಾಯದಲ್ಲಿದ್ದವರು ಐವತ್ತು ದಾಟಿದ ಶಿಕ್ಷಕರು. ಆಗ ಅವರಿಗೆ ಲಸಿಕೆಯೂ ಇರಲಿಲ್ಲ, ಒಪ್ಪಿಗೆ ಪತ್ರವನ್ನು ಅವರಿಂದ ಯಾರೂ ಕೇಳಲೂ ಇಲ್ಲ. ಶಾಲೆ ಬೇಡ ಎನ್ನುವ ಪೋಷಕರಿಗಿದ್ದ ಆಯ್ಕೆ ಹಾಜರಿ ಪುಸ್ತಕ ಹಿಡಿದವರಿಗೆ ಇರಲಿಲ್ಲ.

ಹಣದ ಮಾತು ಬೇರೆ ಸೇರಿಕೊಂಡಿತ್ತು. ಆನ್‌ಲೈನ್ ಪಾಠಕ್ಕೆ ಪೂರ್ತಿ ಫೀ ಏಕೆ ಎಂದು ಪೋಷಕರು, ಫೀ ಇಲ್ಲದೆ ಶಿಕ್ಷಕರಿಗೆ ಸಂಬಳ ಎಲ್ಲಿಂದ ಎಂದು ಶಾಲೆಗಳು. ಬೋಧನಾ ಶುಲ್ಕದ ಶೇ 70 ಮಾತ್ರ ವಸೂಲಿ ಮಾಡಿ ಎಂದು ಸರ್ಕಾರ 2021ರ ಜನವರಿಯಲ್ಲಿ ಆದೇಶಿಸಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಶೇ 85ಕ್ಕೆ ನಿಲ್ಲಿಸಿತು. ‘ಕಳಿಸೋದಾ ಬೇಡ್ವಾ’ ಎಂಬ ಚರ್ಚೆಯಲ್ಲಿ ಆರೋಗ್ಯದ ಹೆಸರು ಹೇಳಿ ಫೀ ಉಳಿಸಿದವರಿದ್ದರು, ಕಲಿಕೆಯ ಹೆಸರು ಹೇಳಿ ಫೀ ಕೇಳಿದವರೂ ಇದ್ದರು. ಫೀ ಕಟ್ಟಲಾಗದೆ ಟಿಸಿ ತೆಗೆಸಿ ಸರ್ಕಾರಿ ಶಾಲೆಗೆ ಸೇರಿಸಿದವರಿಗೆ ಎರಡೂ ಕಡೆಯ ವಾದ ಕೇಳುವ ಪುರುಸೊತ್ತಿರಲಿಲ್ಲ.

ಒಂದರಿಂದ ಐದನೆಯ ತರಗತಿಯವರು ಮರಳಿದ 2021ರ ಅಕ್ಟೋಬರ್ 25 ಸೋಮವಾರ. ಮೊದಲ ವಾರ ಅರ್ಧ ದಿನ, ಎರಡು ಡೋಸ್ ಆದ ಶಿಕ್ಷಕರಿಗಷ್ಟೇ ಪ್ರವೇಶ. ಅಂದು ಎರಡನೆಯ ತರಗತಿಗೆ ಬಂದ ಮಗು 2020ರ ಮಾರ್ಚ್‌ನಲ್ಲಿ ಯುಕೆಜಿಯಲ್ಲಿತ್ತು. ಒಂದನೆಯ ತರಗತಿಯ ಕೋಣೆಯನ್ನು ಅದು ನೋಡಿಯೇ ಇರಲಿಲ್ಲ. ಹತ್ತೊಂಬತ್ತು ತಿಂಗಳಲ್ಲಿ ಯೂನಿಫಾರಂ ಗಿಡ್ಡವಾಗಿ ಹೊಸದು ಹೊಲಿಸಬೇಕಾಯಿತು. ಸಾಲಿನಲ್ಲಿ ನಿಲ್ಲುವುದು, ಶೂ ಲೇಸ್ ಕಟ್ಟುವುದು, ಪಕ್ಕದವನ ರಬ್ಬರು ಕೇಳಿ ತೆಗೆದುಕೊಳ್ಳುವುದು, ಎಲ್ಲ ಹೊಸದು. ಪೆನ್ಸಿಲ್ ಹಿಡಿದು ಒಂದು ಪುಟ ಬರೆಯುವಷ್ಟರಲ್ಲಿ ಕೈ ನೋಯುತ್ತಿತ್ತು.

ಕಾದದ್ದರ ಬೆಲೆ ಆಗ ಅಂಕಿಗಳಲ್ಲಿ ಬರತೊಡಗಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಆರಂಭದಲ್ಲಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು ನೋಡಿತ್ತು. ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು, ಶೇ 82ರಷ್ಟು ಮಂದಿ ಗಣಿತದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಕರ್ನಾಟಕದ ಹಳ್ಳಿಗಳಲ್ಲಿ ನಡೆದ ಅಸರ್ ಸಮೀಕ್ಷೆಯ ಪ್ರಕಾರ, ಎರಡನೆಯ ತರಗತಿಯ ಪಾಠ ಓದಬಲ್ಲ ಮೂರನೆಯ ತರಗತಿಯ ಮಕ್ಕಳು 2018ರಲ್ಲಿ ಶೇ 19.2 ಇದ್ದದ್ದು 2021ರ ಹೊತ್ತಿಗೆ ಶೇ 9.8. ಅರ್ಧಕ್ಕರ್ಧ. ಯುನೆಸ್ಕೊ ಲೆಕ್ಕದಲ್ಲಿ ಭಾರತದ ಶಾಲೆಗಳು ಪೂರ್ತಿಯೋ ಭಾಗಶಃವೋ ಮುಚ್ಚಿದ್ದು 82 ವಾರ. ಜಗತ್ತಿನಲ್ಲಿ ನಮಗಿಂತ ಮುಂದಿದ್ದದ್ದು 83 ವಾರದ ಉಗಾಂಡ.

ಇನ್ನು 2020ರ ಮನವಿಯ ಆ ಹಳೆಯ ಘೋಷಣೆ. 15 ದಾಟಿದವರಿಗೆ ಲಸಿಕೆ 2022ರ ಜನವರಿ 3ರಂದು, 12 ದಾಟಿದವರಿಗೆ ಮಾರ್ಚ್ 16ರಂದು ಶುರುವಾಯಿತು. ಹನ್ನೆರಡರ ಒಳಗಿನವರಿಗೆ ಅಭಿಯಾನ ಬರಲೇ ಇಲ್ಲ. ಲಸಿಕೆ ಇಲ್ಲದೆ ಶಾಲೆ ಇಲ್ಲ ಎಂದು ಸಹಿ ಹಾಕಿದವರ ಮಕ್ಕಳಲ್ಲಿ ಎಷ್ಟೋ ಮಂದಿ ಲಸಿಕೆ ಇಲ್ಲದೆಯೇ ಶಾಲೆಗೆ ಹೋದರು, ಅಕ್ಕಪಕ್ಕದ ಬೆಂಚಿನಲ್ಲಿ ಡಬ್ಬಿ ಬಿಚ್ಚಿ ಉಂಡರು. ತಿರುವುಮುರುವಾಗಿ, ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣ ಬೆಂಗಳೂರಿನಲ್ಲಿ ಪತ್ತೆಯಾದ ಮರುದಿನ, 2021ರ ಡಿಸೆಂಬರ್ 3ರಂದು, ಮಕ್ಕಳನ್ನು ಶಾಲೆಗೆ ಕಳಿಸುವ ಪೋಷಕರಿಗೆ ಎರಡು ಡೋಸ್ ಕಡ್ಡಾಯ ಎಂದು ಸರ್ಕಾರ ಹೇಳಿತು. ಲಸಿಕೆ ಬೇಕಾಗಿದ್ದದ್ದು ಮನೆಯ ದೊಡ್ಡವರಿಗೆ. ಅಜ್ಜನಿಗೆ ಎರಡು ಡೋಸ್ ಬಿದ್ದ ದಿನವೇ ಬಿಇಎಲ್ ಲೇಔಟಿನ ಆ ಸೊಸೆಯ ಲೆಕ್ಕ ಅರ್ಧ ಬಗೆಹರಿದಿತ್ತು.

ಆದ್ದರಿಂದಲೇ 2022ರ ಜನವರಿ 6ರಂದು ಬೆಂಗಳೂರಿನಲ್ಲಿ ಒಂದರಿಂದ ಒಂಬತ್ತನೆಯ ತರಗತಿಗಳಿಗೆ ಮತ್ತೆ ಬಾಗಿಲು ಬಿದ್ದಾಗ ಪೋಷಕರ ಮಾತಿನ ಧಾಟಿ ಬದಲಾಗಿತ್ತು. ಮಾಲು, ಬಾರು ಅರ್ಧ ಜನರೊಂದಿಗಾದರೂ ನಡೆಯುತ್ತಿವೆ, ಶಾಲೆ ಮಾತ್ರ ಯಾಕೆ ಪೂರ್ತಿ ಬಂದ್ ಎಂದು ಕೇಳಿದವರಲ್ಲಿ ಒಂದೂವರೆ ವರ್ಷದ ಹಿಂದೆ ಬೇಡವೇ ಬೇಡ ಅಂದವರೂ ಇದ್ದರು. ಜನವರಿ 31ಕ್ಕೆ ತೆರೆಯಿತು. ಆ ಬೇಸಿಗೆ ಮೇ 16ಕ್ಕೇ ಶಾಲೆ ಶುರುಮಾಡಿ, ಕಳೆದ ಪಾಠ ತುಂಬಿಸಲು ‘ಕಲಿಕಾ ಚೇತರಿಕೆ’ ಎಂಬ ವರ್ಷದ ಕಾರ್ಯಕ್ರಮ ಹಾಕಿಕೊಂಡಿತು ಇಲಾಖೆ. ಕಾಪಿ ಮಾಡಿ ಮುಗಿಸಲಾಗದ, ಬಿಟ್ಟದ್ದನ್ನು ಹಿಂದೆ ಹೋಗಿ ಕಲಿಸುವ ಆ ಕಲಿಕಾ ಹಾಳೆಗಳ ಆಲೋಚನೆ ಚೆನ್ನಾಗಿತ್ತು. 2020ರ ಮಾರ್ಚ್‌ನಲ್ಲಿ ಮೂರನೆಯ ತರಗತಿಯಲ್ಲಿದ್ದ, ನಾಲ್ಕನೆಯದನ್ನು ಫೋನಿನಲ್ಲೋ ಫೋನೂ ಇಲ್ಲದೆಯೋ ದಾಟಿದ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವುದು 2027ರಲ್ಲಿ.